ಹಸು ಹತ್ತಿದ ಮೆಟ್ಟಿಲು

ನಮ್ಮ ಮನೆಯ ಮೆಟ್ಟಿಲು ಕೃಷ್ಣರಾಜನಗರದ ಅತ್ಯಂತ ಸೌಮ್ಯ ಮೆಟ್ಟಿಲೆಂದು ನಾನು ಈಗಲೂ ಹೇಳುತ್ತೇನೆ. ಇದನ್ನು ಅಲ್ಲಗಳೆಯುವವರು ಮೊದಲು ಅದನ್ನು ಒಮ್ಮೆ ಹತ್ತಿ ನೋಡಬೇಕು. ಬಳಿಕ ಊರಿನ ಬೇರೆ ಯಾವುದಾದರೂ ಮಹಡಿ ಮನೆಗೆ ಹತ್ತಿ, ಮೇಲೆ ಮೊಣಕಾಲು ಹಿಡಿದುಕೊಂಡು ಕುಳಿತು, ಸಾವಧಾನವಾಗಿ ತೀರ್ಪು ಕೊಡಬೇಕು. ನಮ್ಮ ಕಡೆ ಮನೆ ಕಟ್ಟುವವರು ದೇವರ ಮನೆಗೆ ಜಾಗ ಬಿಡುತ್ತಾರೆ, ನೀರಿನ ತೊಟ್ಟಿಗೆ ಬಿಡುತ್ತಾರೆ, ಕಾರು ಇಲ್ಲದಿದ್ದರೂ ಕಾರಿಗೆ ಬಿಡುತ್ತಾರೆ. ಕಡೆಯಲ್ಲಿ ಉಳಿದ ಮೂಲೆಗೆ ಮೆಟ್ಟಿಲನ್ನು ತುರುಕುತ್ತಾರೆ. ಅಂಥ ಮೆಟ್ಟಿಲು ಏಣಿಗೆ ಸಿಮೆಂಟು ಮೆತ್ತಿದಂತಿರುತ್ತದೆ.

ನಾನು ಹಾಗೆ ಮಾಡಲಿಲ್ಲ. ಕೆಳಗಿನ ಅಂತಸ್ತನ್ನು ಗೊಬ್ಬರದ ಅಂಗಡಿಯೊಂದಕ್ಕೆ ಬಾಡಿಗೆಗೆ ಕೊಟ್ಟು ನಾವು ಮೇಲೆ ವಾಸಿಸುವುದೆಂದು ನಿಶ್ಚಯವಾದ ದಿನವೇ, ಮೊದಲು ಮೆಟ್ಟಿಲು, ಉಳಿದದ್ದು ಆಮೇಲೆ ಎಂದು ಹೇಳಿಬಿಟ್ಟೆ. ನನ್ನ ಹೆಂಡತಿಗೆ ಮೊಣಕಾಲಿನ ನೋವಿತ್ತು. ನನಗೆ, ಹೈಸ್ಕೂಲಿನಲ್ಲಿ ಇಂಗ್ಲಿಷನ್ನೂ ಕನ್ನಡವನ್ನೂ ಬಹುಕಾಲ ಕಲಿಸಿ ಸ್ವಯಂ ನಿವೃತ್ತಿ ಪಡೆದವನಿಗೆ, ಯಾವ ವಸ್ತುವಿನ ಹೆಸರು ಸರಿಯಾಗಿ ಗೊತ್ತಿಲ್ಲವೋ ಆ ವಸ್ತು ಸರಿಯಾಗಿ ನಿರ್ಮಾಣವಾಗುವುದಿಲ್ಲವೆಂಬ ನಂಬಿಕೆಯಿತ್ತು. ಆದ್ದರಿಂದ ಪಾಯ ತೋಡುವ ಮುನ್ನವೇ ಮೆಟ್ಟಿಲಿನ ಇಂಗ್ಲಿಷ್ ಪದಗಳನ್ನು ಕೂಡಿಹಾಕಿದೆ.

ನಮ್ಮ ತಾಲ್ಲೂಕಿನಲ್ಲಿ ಈ ವಿಷಯಕ್ಕೆ ಬಳಕೆಯಲ್ಲಿರುವ ಇಂಗ್ಲಿಷ್ ಬಹಳ ಕಡಿಮೆ. ಎಲ್ಲವೂ ಸ್ಟೆಪ್ಪು. ಒಂದು ಮೆಟ್ಟಿಲೂ ಸ್ಟೆಪ್ಪು, ಇಡೀ ಮೆಟ್ಟಿಲ ಸಾಲೂ ಸ್ಟೆಪ್ಪು. ಬಾಡಿಗೆಯವರಿರುವ ಮೇಲ್ಮನೆ ಅಪ್‌ಸ್ಟೇರು. ಕೈಹಿಡಿಯುವುದು ರೈಲಿಂಗು. ಆದರೆ ಇಂಗ್ಲಿಷಿನವರು ಮೆಟ್ಟಿಲನ್ನು ನಮ್ಮವರು ಕುರಿಯನ್ನು ಪಾಲು ಹಾಕುವಷ್ಟು ಶ್ರದ್ಧೆಯಿಂದ ಪಾಲು ಹಾಕಿದ್ದಾರೆ. ಪಾದವೂರುವ ಮಲಗಿದ ಭಾಗ ಟ್ರೆಡ್. ಅದರ ಎದುರಿಗೆ ನೆಟ್ಟಗೆ ನಿಂತ ಭಾಗ ರೈಸರ್. ಟ್ರೆಡ್ಡಿನ ಮುಂಚಾಚಿದ ಅಂಚು ನೋಸಿಂಗ್, ಎಂದರೆ ಮೂಗು. ತಡೆಯಿಲ್ಲದೆ ಏರುವ ಒಂದು ಸಾಲು ಫ್ಲೈಟ್. ಎರಡು ಫ್ಲೈಟುಗಳ ನಡುವೆ ದಣಿವಾರಿಸಿಕೊಳ್ಳುವ ಚೌಕ ಲ್ಯಾಂಡಿಂಗ್. ಅಲ್ಲಿ ಮೆಟ್ಟಿಲು ಹಿಂದಕ್ಕೆ ತಿರುಗಿ ಮತ್ತೆ ಏರಿದರೆ ಆ ಬಗೆಗೆ ನಾಯಿಯ ಕಾಲಿನ ಹೆಸರು: ಡಾಗ್ ಲೆಗ್ಗೆಡ್. ನಕ್ಷೆಯಲ್ಲಿ ಇದನ್ನು ಓದಿ ಹೇಳಿದಾಗ ನನ್ನ ಹೆಂಡತಿ, "ನಾಯಿ ಕಾಲು ಹಾಕ್ಸಿ, ಕೋಳಿ ಕಾಲು ಹಾಕ್ಸಿ, ನನ್ ಕಾಲಿಗೆ ನೋವಾಗ್ಬಾರ್ದು ಅಷ್ಟೇ" ಎಂದಳು.

ನಮ್ಮ ಮೇಸ್ತ್ರಿ ಹುಣಸೂರಿನವರು. ನಾನು ಪ್ರತಿದಿನ ಕೊಡೆ ಹಿಡಿದು ಬಂದು ಟ್ರೆಡ್ ಅಗಲವಿರಲಿ, ರೈಸರ್ ತಗ್ಗಾಗಿರಲಿ ಎಂದು ಹೇಳುವುದನ್ನು ಅವರು ಬೀಡಿ ಆರುವವರೆಗೂ ಕೇಳಿಸಿಕೊಂಡು, "ಮೇಷ್ಟ್ರೇ, ನೀವು ಏನಾರ ಕರ್ಕಳಿ. ನಮ್ ಲೆಕ್ಕದಲ್ಲಿ ಒಂದು ಮಲಗಿರೋ ಪೀಸು, ಒಂದು ನಿಂತಿರೋ ಪೀಸು. ಗ್ರಾನೈಟ್ ಅಂಗ್ಡೀಲೂ ಅಂಗೇ ಕೊಡೋದು" ಎನ್ನುತ್ತಿದ್ದರು. ಕನ್ನಡದ ಮರ್ಯಾದೆ ಉಳಿಸಲು ನಾನು, 'ಮೆಟ್ಟಿಲು' ಎಂಬುದೇ 'ಮೆಟ್ಟು' ಧಾತುವಿನಿಂದ ಬಂದದ್ದು, ಟ್ರೆಡ್ ಎಂದರೂ ಮೆಟ್ಟುವುದೇ, ಎರಡು ಭಾಷೆಗಳೂ ಕಾಲಡಿಯಲ್ಲೇ ಸಂಧಿಸಿವೆ ಎಂದು ವಿವರಿಸಿದೆ. "ಸಂಧಿಸ್ಲಿ ಬುಡಿ, ಸಿಮೆಂಟ್ ಒಣಗ್ತಾ ಅದೆ" ಎಂದು ಅವರು ಎದ್ದು ಹೋದರು. ಆದರೂ ಹೇಳಿದಂತೆಯೇ ಕಟ್ಟಿದರು. ಕೆಂಪು ಗ್ರಾನೈಟಿನ ಟ್ರೆಡ್ಡುಗಳು ಮಿರುಗುತ್ತಿದ್ದವು. ನನ್ನ ಹೆಂಡತಿ ಮೊದಲ ಸಲ ಹತ್ತಿದಾಗ ಉಸಿರು ಏರಲಿಲ್ಲ, ರೈಲಿಂಗ್ ಹಿಡಿಯಲಿಲ್ಲ. ಆ ಸಂತೋಷದಲ್ಲಿ ನಾನು ಕಾರಣವಿಲ್ಲದೆ ಹತ್ತಿ ಇಳಿದು, ಹತ್ತಿ ಇಳಿದು, ಗೊಬ್ಬರದ ಅಂಗಡಿಯವನ ಕುತೂಹಲಕ್ಕೆ ಪಾತ್ರನಾದೆ.

ಗೃಹಪ್ರವೇಶಕ್ಕೆ ಹಿಂದಿನ ದಿನವೇ ಪಿರಿಯಾಪಟ್ಟಣದಿಂದ ನನ್ನ ಸೋದರತ್ತೆ ಬಂದಿಳಿದರು. ನಮ್ಮ ಮನೆತನದಲ್ಲಿ ಈಗ ಅವರೇ ಹಿರಿಯರು; ಅವರು ಬೇಡವೆಂದದ್ದು ನಡೆಯುವುದಿಲ್ಲ, ಬೇಕೆಂದದ್ದು ನಿಲ್ಲುವುದಿಲ್ಲ. ಮನೆಯೊಳಕ್ಕೆ ಮೊದಲು ಹಸು-ಕರು ಹೋಗಬೇಕು, ಅವುಗಳ ಹಿಂದೆ ನಾವು ಹೋಗಬೇಕು ಎಂಬುದು ಎಲ್ಲರಿಗೂ ತಿಳಿದ ಪದ್ಧತಿ. ಮಹಡಿ ಮನೆಯವರು ಗೇಟಿನ ಬಳಿಯೇ ಹಸುವಿಗೆ ಪೂಜೆ ಮಾಡಿ ಬಾಳೆಹಣ್ಣು ತಿನ್ನಿಸಿ ಕಳುಹಿಸುವುದು ಈಚಿನ ರೂಢಿ. ಪೂಜೆಗೆ ಬರಬೇಕಾಗಿದ್ದ ಅಯ್ಯನವರು ಅದಕ್ಕೆ ಫೋನಿನಲ್ಲಿಯೇ ಒಪ್ಪಿಗೆ ಕೊಟ್ಟಿದ್ದರು. ಅತ್ತೆ ಒಪ್ಪಲಿಲ್ಲ.

"ಗೇಟ್ ತಾವ ಪೂಜೆ ಮಾಡಿದ್ರೆ ಅದು ಗೊಬ್ಬರದಂಗಡಿ ಪ್ರವೇಶ ಆಯ್ತದೆ ಕಣ್ಲಾ ಮಗ, ನಿನ್ ಮನೆ ಪ್ರವೇಶ ಹೆಂಗಾದದು? ಹಸ ಹೊಸಲು ದಾಟ್ಬೇಕು."

ನಿಜ ಹೇಳಬೇಕೆಂದರೆ ನನಗೆ ಈ ಮಾತು ಹಿತವಾಗಿಯೇ ಕೇಳಿಸಿತು. ವಾಸವಿರುವುದು ಎಲ್ಲಿಯೋ ಅದೇ ಗೃಹ, ಅಲ್ಲಿಗೆ ಹೋಗುವುದೇ ಪ್ರವೇಶ. ಅತ್ತೆಯ ತರ್ಕದಲ್ಲಿ ದೋಷವಿರಲಿಲ್ಲ. ಅಲ್ಲದೆ ಊರಿನಲ್ಲಿ ಹಸು ಹತ್ತಬಲ್ಲ ಮೆಟ್ಟಿಲು ಒಂದಿದ್ದರೆ ಅದು ನಮ್ಮದೇ ಆಗಿತ್ತು.

ಹಸುವನ್ನು ಕೊಡಬೇಕಾದವಳು ನಾಲೆಯ ಆಚೆಯ ಬದಿಯಿಂದ ನಮಗೆ ಹಾಲು ತರುತ್ತಿದ್ದ ಹೆಂಗಸು. ನಾವು ಆಕೆಯನ್ನು ಹಾಲಿನಕ್ಕ ಎಂದೇ ಕರೆಯುತ್ತಿದ್ದೆವು. ಗಂಡ ತೀರಿಕೊಂಡಿದ್ದ. ಜಮೀನಿರಲಿಲ್ಲ. ಆಕೆಯ ಬದುಕೆಲ್ಲ ಆ ಒಂದು ಹಸುವಿನ ಕೆಚ್ಚಲಿನ ಮೇಲೆ ನಿಂತಿತ್ತು. ಮೆಟ್ಟಿಲಿನ ಮಾತು ಕೇಳಿದ ಕೂಡಲೇ ಆಕೆ ಹಗ್ಗವನ್ನು ಎದೆಗೆ ಅವುಚಿಕೊಂಡಳು.

"ಬ್ಯಾಡಿ ಮೇಷ್ಟ್ರೇ. ಕಾಲ್ಗೀಲ್ ಮುರ್ಕಂಡ್ರೆ ನಾನ್ ಎಲ್ಲಿಗ್ ಓಗ್ಲಿ? ನನ್ಗಿರೋದು ಇವಳೊಬ್ಳೇಯ."

ನಾನು ಆಕೆಯನ್ನು ಮೆಟ್ಟಿಲ ಬಳಿಗೆ ಕರೆದುಕೊಂಡು ಹೋಗಿ ಟ್ರೆಡ್ಡಿನ ಅಗಲವನ್ನು ಗೇಣು ಹಾಕಿ ತೋರಿಸಿದೆ. ರೈಸರಿನ ತಗ್ಗನ್ನು ತೋರಿಸಿದೆ. ಲ್ಯಾಂಡಿಂಗಿನಲ್ಲಿ ಹಸು ಹೇಗೆ ಆರಾಮವಾಗಿ ತಿರುಗಬಹುದೆಂದು ನಾನೇ ತಿರುಗಿ ತೋರಿಸಿದೆ. ಆಕೆ ಗ್ರಾನೈಟಿನ ಮೇಲೆ ಬರಿಗಾಲನ್ನು ಉಜ್ಜಿ ನೋಡಿದಳು. ಕಡೆಗೆ, "ನಿಮ್ ಮಾತಿನ್ ಮ್ಯಾಲೆ ಕರ್ಕಂಡ್ ಬತ್ತೀನಿ" ಎಂದಳು.

ಬೆಳಿಗ್ಗೆ ಹಸು ಬಂತು. ಕೊಂಬಿಗೆ ಹೂವು, ಹಣೆಗೆ ಕುಂಕುಮ, ಹಿಂದೆ ಕುಣಿಯುವ ಕರು. ಆಮೇಲೆ ನಡೆದದ್ದನ್ನು ನೆನೆದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ: ಆ ಹಸು ನಮ್ಮ ಮೆಟ್ಟಿಲನ್ನು, ತವರುಮನೆಗೆ ಬಂದ ಮಗಳಂತೆ, ತಲೆಯೆತ್ತಿ, ಗಂಟೆ ಅಲ್ಲಾಡಿಸಿಕೊಂಡು ಹತ್ತಿತು. ಗೊರಸು ಗ್ರಾನೈಟಿಗೆ ತಾಗಿ ಟಕ್ ಟಕ್ ಎನ್ನುತ್ತಿತ್ತು. ಲ್ಯಾಂಡಿಂಗಿನಲ್ಲಿ ನಿಂತು ರಸ್ತೆಯ ಕಡೆಗೆ ನೋಡಿ, ಉಸಿರು ಬಿಟ್ಟು, ತಿರುಗಿ, ಎರಡನೆಯ ಫ್ಲೈಟನ್ನೂ ಏರಿತು. ನಾನು ಮೇಸ್ತ್ರಿಯವರ ಭುಜ ಹಿಡಿದು ಅಲುಗಿಸಿದೆ. "ನೋಡಿದಿರಾ? ರೈಸರ್ ನೋಡಿದಿರಾ?" ಮೇಸ್ತ್ರಿಯವರ ಕಣ್ಣಲ್ಲಿಯೂ ನೀರಾಡಿತ್ತು. "ನಿಂತಿರೋ ಪೀಸು ಸರ್ಯಾಗ್ ಕೂತದೆ ಮೇಷ್ಟ್ರೇ" ಎಂದರು.

ಹಸು ಹೊಸಲು ದಾಟಿತು. ಹಾಲ್ ತುಂಬ ಓಡಾಡಿತು. ಪೂಜೆ ಮಾಡಿಸಿಕೊಂಡು ಬಾಳೆಹಣ್ಣನ್ನೂ, ಅಯ್ಯನವರ ಹರಿವಾಣದಲ್ಲಿದ್ದ ವೀಳ್ಯದೆಲೆಯನ್ನೂ ತಿಂದು, ಥಳಥಳಿಸುವ ಟೈಲ್ಸಿನ ನಟ್ಟನಡುವೆ ಸಗಣಿ ಹಾಕಿತು. ಹೆಂಗಸರೆಲ್ಲ ಸಂಭ್ರಮದಿಂದ ಚಪ್ಪಾಳೆ ತಟ್ಟಿದರು. ಇದಕ್ಕಿಂತ ದೊಡ್ಡ ಶುಭಶಕುನ ಉಂಟೇ? ಅತ್ತೆ ಸೊಂಟದ ಮೇಲೆ ಕೈಯಿಟ್ಟು, "ಈಗ ಆಯ್ತು ನೋಡು ಮನೆ" ಎಂದರು.

ಹೆಗ್ಗಡದೇವನಕೋಟೆಯಿಂದ ಬಂದಿದ್ದ ನನ್ನ ಭಾವಮೈದ ಎಲ್ಲ ಕೆಲಸಕ್ಕೂ ಮುಂದು. ಕರುವನ್ನು ಮೊದಲು ಇಳಿಸಿದರೆ ತಾಯಿ ತಾನಾಗಿ ಬರುತ್ತದೆಂದು ಹೇಳಿ, ಯಾರು ಏನೆನ್ನುವ ಮೊದಲೇ ಕರುವನ್ನು ಎತ್ತಿಕೊಂಡು ದಡದಡನೆ ಇಳಿದುಹೋದ. ಕರು ಕೆಳಗೆ ನಿಂತು "ಅಂಬಾ" ಎಂದಿತು. ಹಸು ಮೇಲಿನಿಂದ "ಅಂಬಾ" ಎಂದಿತು. ಬಾಗಿಲಿನ ಹೊರಗೆ ಬಂದು ಮೊದಲನೆಯ ಮೆಟ್ಟಿಲಿನ ಅಂಚಿನಲ್ಲಿ ತಲೆ ಬಗ್ಗಿಸಿ ಕೆಳಕ್ಕೆ ನೋಡಿತು. ಆಮೇಲೆ ಕಂಬದಂತೆ ನಿಂತುಬಿಟ್ಟಿತು.

ಹಸುಗಳು ಮೆಟ್ಟಿಲು ಹತ್ತುತ್ತವೆ, ಇಳಿಯುವುದಿಲ್ಲ. ಈ ಸಂಗತಿ ಅಂದು ಅಲ್ಲಿ ನೆರೆದಿದ್ದ ಒಬ್ಬರಿಗೂ, ದನ ಸಾಕಿ ಬೆಳೆದವರಿಗೂ, ಗೊತ್ತಿರಲಿಲ್ಲ. ಏಕೆಂದರೆ ನಮ್ಮ ಸೀಮೆಯಲ್ಲಿ ದನಕ್ಕೆ ಮಹಡಿಯಲ್ಲಿ ಕೆಲಸ ಬಿದ್ದದ್ದೇ ಇಲ್ಲ.

ಮೊದಲು ಎಲ್ಲರೂ ನಕ್ಕರು. ಹಸು ಬಾಗಿಲಿಗೆ ಅಡ್ಡ ನಿಂತದ್ದರಿಂದ ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ ಆದರು. ಅತ್ತೆ, ಅಯ್ಯನವರು, ನನ್ನ ಹೆಂಡತಿ, ಮದುವೆಗಿಂತ ಹೆಚ್ಚಾಗಿ ಸಿಂಗರಿಸಿಕೊಂಡ ಹೆಂಗಸರ ಗುಂಪು ಒಳಗೆ. ಅಡುಗೆ, ಶಾಮಿಯಾನ, ಎಲೆ, ನೀರು ಎಲ್ಲವೂ ಕೆಳಗೆ. ನಾನು ಲ್ಯಾಂಡಿಂಗಿನಲ್ಲಿದ್ದೆ, ಎರಡೂ ಕಡೆಯವರಿಂದ ಬೈಸಿಕೊಳ್ಳಲು ಅನುಕೂಲವಾದ ಸ್ಥಳ. ಬಾಲ್ಕನಿಯಿಂದ ಹಗ್ಗಕ್ಕೆ ಬಕೆಟ್ಟು ಕಟ್ಟಿ ಇಳಿಬಿಟ್ಟರು. ಕೆಳಗಿನಿಂದ ಕೋಸಂಬರಿ ಹೋಯಿತು, ಹೋಳಿಗೆ ಹೋಯಿತು. ಸಾರು ಅರ್ಧ ದಾರಿಯಲ್ಲಿ ಗೊಬ್ಬರದ ಅಂಗಡಿಯ ಬೋರ್ಡಿನ ಮೇಲೆ ಚೆಲ್ಲಿತು.

"ಭಾವ, ಎರಡು ಫ್ಲೈಟು ಅಂದಿದ್ರಲ್ಲ, ಯಾವ್ದೂ ಲ್ಯಾಂಡಿಂಗ್ ಆಗ್ತಾ ಇಲ್ವಲ್ಲ?" ಎಂದು ಭಾವಮೈದ ಕೆಳಗಿನಿಂದ ಕೂಗಿದ. ಪದಗಳನ್ನು ಕಲಿಸಿದ್ದು ನಾನೇ.

ಸಲಹೆಗಳು ಬಂದವು. ಭಾವಮೈದನೇ ಮೊದಲು ಹೇಳಿದ: "ನಮ್ ಕೋಟೆ ಕಡೆ ಫಾರೆಸ್ಟ್‌ನೋರು ಆನೇನೇ ಲಾರಿಗೆ ಹತ್ಸಿ ಕಳುಸ್ತಾರೆ. ಒಂದ್ ಹಸ ಇಳ್ಸಕ್ಕಾಗಕಿಲ್ವ? ಜೆಸಿಬಿ ತರ್ಸಿ."

"ಜೆಸಿಬಿ ಬಂದ್ರೆ ಹಸ ಇಳಿತದೆ, ಬಾಲ್ಕನೀನೂ ಇಳಿತದೆ" ಎಂದರು ಮೇಸ್ತ್ರಿ.

"ಬುಡಿ, ಮೇಲೇ ಇರ್ಲಿ. ಮೇಷ್ಟ್ರಿಗೆ ಹಾಲು ಅಪ್‌ಸ್ಟೇರಲ್ಲೇ ಸಿಕ್ತದೆ" ಎಂದ ಗೊಬ್ಬರದ ಅಂಗಡಿಯವ, ಬೋರ್ಡಿನ ಮೇಲಿನ ಸಾರು ಒರೆಸುತ್ತ.

ನಗುವಿನ ಮೇಲೆ ನಗು. ನಾನೂ ನಕ್ಕೆ. ಕಣ್ಣೊರೆಸಿಕೊಂಡು ತಲೆಯೆತ್ತಿದಾಗ ಹಾಲಿನಕ್ಕನ ಮುಖ ಕಾಣಿಸಿತು. ಆಕೆ ಹಸುವಿನ ಕತ್ತನ್ನು ತಬ್ಬಿ ಬಾಗಿಲ ಬಳಿ ನಿಂತಿದ್ದಳು. ಆಕೆ ನಗುತ್ತಿರಲಿಲ್ಲ.

ನಾಲ್ಕು ಗಂಡಾಳುಗಳು ಹಗ್ಗ ಹಿಡಿದು ಎಳೆದದ್ದು ಆಗಲೇ. ಹಸು ಮುಂಗಾಲನ್ನು ಒಂದು ಮೆಟ್ಟಿಲು ಕೆಳಗಿಟ್ಟಿತು. ನಾನು ಅಷ್ಟು ಆಸೆಯಿಂದ ದುಂಡಗೆ ಮಾಡಿಸಿದ್ದ ನೋಸಿಂಗಿನ ಮೇಲೆ ಗೊರಸು ಸರ್ರನೆ ಜಾರಿತು. ಮೊಣಕಾಲು ಅಂಚಿಗೆ ಬಡಿಯಿತು. ಇಡೀ ದೇಹ ಒಂದು ಕ್ಷಣ ಮುಂದಕ್ಕೆ ವಾಲಿತು.

"ಬುಡ್ರೋ! ಹಗ್ಗ ಬುಡ್ರೋ! ನನ್ ಮನೆ ಹಾಳ್ ಮಾಡ್ಬ್ಯಾಡ್ರೋ!"

ಹಾಲಿನಕ್ಕನ ಆ ಕೂಗಿಗೆ ಹಗ್ಗ ಬಿಟ್ಟರು. ಹಸು ಹಿಂದಕ್ಕೆ ಒದ್ದಾಡಿ ಮೇಲೆ ನಿಂತು ನಡುಗತೊಡಗಿತು. ಆಕೆ ಅದರ ಮೊಣಕಾಲನ್ನು ಸೆರಗಿನಿಂದ ಒತ್ತಿದಳು. ಸಾಯಂಕಾಲದ ಕರಾವಿಗೆ ಹೆಚ್ಚು ಹೊತ್ತಿರಲಿಲ್ಲ. ಕೆಚ್ಚಲು ಬಿಗಿಯುತ್ತಿತ್ತು. ಹೆದರಿದ ಹಸು ಹಾಲನ್ನು ಮೇಲಕ್ಕೆಳೆದುಕೊಳ್ಳುತ್ತದೆ, ಒಮ್ಮೆ ಎಳೆದುಕೊಂಡರೆ ಎಷ್ಟೋ ದಿನ ಕೆಚ್ಚಲಿಗೆ ಇಳಿಸುವುದಿಲ್ಲ ಎಂದು ಆಕೆ ಯಾರನ್ನೂ ನೋಡದೆ ಹೇಳಿದಳು. ಕಾಲು ಮುರಿದರಂತೂ ಹೇಳುವ ಅಗತ್ಯವೇ ಇರಲಿಲ್ಲ. ಬಕೆಟ್ಟು ಗಾಳಿಯಲ್ಲೇ ನಿಂತಿತು.

ಏರುವುದಕ್ಕೆ ರೈಸರ್ ಎಂಬ ಹೆಸರಿದೆ. ಅದೇ ಕಲ್ಲನ್ನು ಮೇಲಿನಿಂದ ನೋಡಿದರೆ ಅದು ಕಾಣುವುದೇ ಇಲ್ಲ, ಬರಿಯ ಪ್ರಪಾತ ಕಾಣುತ್ತದೆ. ಅದಕ್ಕೆ ಇಂಗ್ಲಿಷಿನವರೂ ಹೆಸರಿಟ್ಟಿಲ್ಲ ಎಂದು ನಾನು ಯೋಚಿಸುತ್ತಿದ್ದಾಗ, ಮೇಲಿನ ಕಿಟಕಿಯ ಸರಳುಗಳ ನಡುವೆ ನನ್ನ ಹೆಂಡತಿಯ ಮುಖ ಬಂತು.

"ರೀ, ಕೇಳಿಸ್ತಾ? ನನ್ಗೂ ಹತ್ತೋವಾಗ ಏನಾಗಲ್ಲ. ಇಳಿಯೋವಾಗ್ಲೇ ಜೀವ ಹೋಗೋದು. ಕಾಲಿಡೋ ಜಾಗ ಕೆಳಗೆಲ್ಲೋ ಇರ್ತದಲ್ಲ, ಅದ್ಕೆ."

"ಮತ್ತೇನು ಮಾಡೋಣ?"

"ಮೆಟ್ಲೇ ಇಲ್ದಂಗೆ ಮಾಡ್ಬುಡಿ. ರಸ್ತೇಲಿ ಮರಳು ಬಿದ್ದದಲ್ಲ, ಮುಚ್ಬುಡಿ ಎಲ್ಲಾನೂವೆ."

ಕಟ್ಟಡ ಮುಗಿದ ಮೇಲೆ ಪ್ರತಿಯೊಂದು ಹೊಸ ಮನೆಯ ಮುಂದೆಯೂ ಒಂದಿಷ್ಟು ಮರಳು ಉಳಿದೇ ಉಳಿಯುತ್ತದೆ. ನಮ್ಮದೂ ಗೇಟಿನ ಪಕ್ಕದಲ್ಲಿ ಗುಡ್ಡೆಯಾಗಿ ಬಿದ್ದಿತ್ತು. ಮೇಸ್ತ್ರಿಯವರು ಒಮ್ಮೆ ಮರಳನ್ನು, ಒಮ್ಮೆ ಮಿರುಗುವ ಗ್ರಾನೈಟನ್ನು ನೋಡಿ, "ನಾನು ಕೈಯಾರೆ ಪಾಲಿಶ್ ಮಾಡ್ಸಿದ್ದು" ಎಂದು ಗೊಣಗಿದರು. ಅನಂತರ ಪಂಚೆ ಎತ್ತಿ ಕಟ್ಟಿದರು.

ಮುಂದಿನ ಹೊತ್ತನ್ನು ನಾನು ಬಣ್ಣಿಸಲಾರೆ, ಆದರೂ ಬಣ್ಣಿಸುತ್ತೇನೆ. ಕೆಳಗಿದ್ದ ರೇಷ್ಮೆ ಸೀರೆಯವರು ನೆರಿಗೆ ಸಿಕ್ಕಿಸಿಕೊಂಡರು. ಇಸ್ತ್ರಿ ಅಂಗಿಯವರು ತೋಳು ಮಡಚಿದರು. ಗೇಟಿನಿಂದ ಎರಡನೆಯ ಫ್ಲೈಟಿನ ತುದಿಯವರೆಗೆ ರೈಲಿಂಗಿಗೆ ಒರಗಿ ಒಬ್ಬರ ಪಕ್ಕ ಒಬ್ಬರು ನಿಂತು, ಬಾಂಡ್ಲಿಯಲ್ಲಿ ಮರಳನ್ನು ಕೈಯಿಂದ ಕೈಗೆ ದಾಟಿಸಿದರು. ಮೇಲಿನ ಮೆಟ್ಟಿಲಿನಿಂದ ಆರಂಭಿಸಿ, ಮುಚ್ಚುತ್ತ ಮುಚ್ಚುತ್ತ, ನೆಲ ಸಾರಿಸುವವರಂತೆ ಹಿಂದೆ ಹಿಂದೆ ಸರಿಯುತ್ತ ಇಳಿದೆವು. ಭಾವಮೈದ ಕೊಳವೆಯಿಂದ ನೀರು ಹಿಡಿದು ಮರಳನ್ನು ಗಟ್ಟಿ ಮಾಡಿದ, ಜೊತೆಗೆ ನೆಂಟರ ಅರ್ಧ ಭಾಗವನ್ನೂ ತೋಯಿಸಿದ.

"ಲೇ, ನನ್ ಸೀರೆ ಕಣೋ! ಮೈಸೂರ್ ರೇಷ್ಮೆ ಕಣೋ!"

"ಅಕ್ಕ, ಬಾಂಡ್ಲಿ ಕೊಡು, ಸೀರೆ ವಿಚಾರ ನಾಳಿಕ್ ಮಾತಾಡುವ!"

"ಮೇಷ್ಟ್ರೇ, ಅಲ್ಲೊಂದು ಮೂಗು ಕಾಣ್ತಾ ಅದೆ, ಮುಚ್ಚಿ!"

ನನ್ನ ಕೈಯಿಂದಲೇ ನನ್ನ ನೋಸಿಂಗುಗಳನ್ನು ಮುಚ್ಚಿದೆ. ಟ್ರೆಡ್ ಹೋಯಿತು, ರೈಸರ್ ಹೋಯಿತು. ನಾಯಿಯ ಕಾಲು ಹೋಗಿ ಅಲ್ಲೊಂದು ಗುಡ್ಡದ ಓರೆ ಹುಟ್ಟಿತು. ತಮಾಷೆಯೆಂದರೆ, ಆ ಪದಗಳು ಒಂದೊಂದಾಗಿ ಮರಳಿನಡಿಗೆ ಹೋದಂತೆ ನನಗೆ ಹಗುರವಾಗತೊಡಗಿತು. ಬೆವರಿ, ಮರಳು ಮೆತ್ತಿಕೊಂಡು, ಪರಿಚಯವಿಲ್ಲದ ನೆಂಟರ ಭುಜಕ್ಕೆ ಭುಜ ತಾಗಿಸಿ ನಿಂತು, ನಾನು ಏನೋ ಕೂಗುತ್ತಿದ್ದೆ. ನನ್ನ ವಾಕ್ಯಗಳಲ್ಲಿ ಕರ್ತೃವಿದ್ದರೆ ಕ್ರಿಯಾಪದವಿರಲಿಲ್ಲ. ತಲೆ ಗಿರ್ರೆನ್ನುತ್ತಿತ್ತು, ಹಸಿವಿನಿಂದಲೋ ಆನಂದದಿಂದಲೋ ತಿಳಿಯಲಿಲ್ಲ. ಗೊಬ್ಬರದ ಅಂಗಡಿಯವನು ತನ್ನ ಖಾಲಿ ಗೋಣಿಚೀಲಗಳನ್ನೆಲ್ಲ ತಂದು ಮರಳಿನ ಮೇಲೆ ಹಾಸಿದ. ಯಾರೋ ಪಕ್ಕದ ಬಣವೆಯಿಂದ ಭತ್ತದ ಹುಲ್ಲು ತಂದು ಉದುರಿಸಿದರು.

ಎಲ್ಲರೂ ಕೆಳಗಿಳಿದು ದಾರಿ ಬಿಟ್ಟೆವು. ಹಾಲಿನಕ್ಕ ಹಸುವಿನ ಎದುರಿಗೆ ಬಂದು, ಗದ್ದಕ್ಕೆ ಅಂಗೈ ಕೊಟ್ಟು, ತಾನು ಹಿಮ್ಮುಖವಾಗಿ ಒಂದು ಹೆಜ್ಜೆ ಇಳಿದಳು.

"ಬಾ ನನ್ನವ್ವ. ಬಾ. ನೆಲ ಕಣವ್ವ ಇದು, ಬರೀ ನೆಲ."

ಹಸು ಮೂಸಿತು. ಕಾಲಿಟ್ಟಿತು. ಮರಳು ತುಸು ಕುಸಿಯಿತು, ಜಾರಲಿಲ್ಲ. ಇನ್ನೊಂದು ಕಾಲಿಟ್ಟಿತು. ಆಗ ಆ ಹಸು, ಇಡೀ ಬಳಗವೇ ಕಣ್ಣು ಬಿಟ್ಟುಕೊಂಡು ನಿಂತಿರುವಾಗ, ಇಳಿಯುವುದನ್ನು ನಿಲ್ಲಿಸಿ ದಾರಿಯ ಹುಲ್ಲನ್ನು ನಿಧಾನವಾಗಿ ಮೇಯತೊಡಗಿತು.

"ಬಡ್ಸಿ ಬುಟ್ರಲ್ಲಪ್ಪ ಅವಳ್ಗೆ ಮೊದ್ಲ ಪಂಕ್ತಿ!" ಎಂದು ಬಾಲ್ಕನಿಯಿಂದ ಅತ್ತೆಯ ದನಿ ಬಂತು.

ತಿಂದು ಮುಗಿಸಿ ಹಸು ಲ್ಯಾಂಡಿಂಗಿಗೆ ಬಂತು. ತಿರುಗಿತು. ಕೆಳಗಿನ ಫ್ಲೈಟಿನಲ್ಲಿ ಅರ್ಧಕ್ಕೆ ಬಂದಾಗ ಕರು ಕೂಗಿತು. ಅಷ್ಟೇ ಸಾಕಾಯಿತು, ಹಸು ಓಡಿತು. ಹಾಲಿನಕ್ಕ ಗೋಡೆಗೆ ಅಂಟಿಕೊಂಡಳು. ಗೋಣಿಚೀಲಗಳು ಹಾರಿದವು, ಮರಳು ಚಿಮ್ಮಿತು, ಭಾವಮೈದ ಕೊಳವೆಯ ಸಮೇತ ಶಾಮಿಯಾನದೊಳಕ್ಕೆ ಬಿದ್ದ. ಹಸು ಗೇಟನ್ನು ದಾಟಿ, ರಸ್ತೆಯ ಮಧ್ಯದಲ್ಲಿ ಕರುವಿನ ಪಕ್ಕ ಗಕ್ಕನೆ ನಿಂತು, ಅದನ್ನು ತಲೆಯಿಂದ ಬಾಲದವರೆಗೆ ನೆಕ್ಕಿತು.

ನಾವು ಕೂಗಿದ ಕೂಗಿಗೆ ಬೀದಿಯ ಬಾಗಿಲುಗಳೆಲ್ಲ ತೆರೆದವು. ಆದರೆ ಹಾಲಿನಕ್ಕ ಕೈಯೆತ್ತಿ ನಮ್ಮನ್ನು ಸುಮ್ಮನಾಗಿಸಿದಳು. ಮಂಡಿಯೂರಿ ಕುಳಿತು ಹಸುವಿನ ಕಾಲುಗಳನ್ನು ತೊಡೆಯಿಂದ ಗೊರಸಿನವರೆಗೆ ಒಂದೊಂದಾಗಿ ಒತ್ತಿ ನೋಡಿದಳು. ಜಾರಿ ಬಡಿದಿದ್ದ ಮೊಣಕಾಲನ್ನು ಬಹಳ ಹೊತ್ತು ಹಿಡಿದುಕೊಂಡಳು. ಹಸು ಕಾಲನ್ನು ಎಳೆದುಕೊಳ್ಳಲಿಲ್ಲ. ಆಮೇಲೆ ಆಕೆ ಒಂದು ಪಾತ್ರೆ ಬೇಕೆಂದಳು. ಅಡುಗೆಯವರು ತೊಳೆದ ತಪ್ಪಲೆಯೊಂದನ್ನು ತಂದುಕೊಟ್ಟರು. ಕರುವನ್ನು ಒಂದು ಗಳಿಗೆ ಕೆಚ್ಚಲಿಗೆ ಬಿಟ್ಟು, ಮೆಲ್ಲನೆ ಸರಿಸಿ, ಆಕೆ ಬೀದಿಯಲ್ಲಿಯೇ ಕುಕ್ಕರುಗಾಲಿನಲ್ಲಿ ಕುಳಿತಳು.

ಬಾಲ್ಕನಿಯಲ್ಲಿ, ಮರಳಿನ ಓರೆಯ ಮೇಲೆ, ಗೇಟಿನಲ್ಲಿ, ಎಲ್ಲರೂ ಕತ್ತು ಚಾಚಿ ನಿಂತೆವು. ಆಕೆಯ ಬೆರಳುಗಳು ಒಮ್ಮೆ ಜಾರಿದವು, ಏನೂ ಬರಲಿಲ್ಲ. ಇನ್ನೊಮ್ಮೆ ಜಾರಿದವು, ಏನೂ ಬರಲಿಲ್ಲ. ನನ್ನ ಮಾತನ್ನು ನಂಬಿ ಬಂದವಳ ಬೆನ್ನನ್ನು ನೋಡಲಾಗದೆ ನಾನು ತಪ್ಪಲೆಯನ್ನೇ ನೋಡುತ್ತಿದ್ದೆ. ಆಕೆ ಹಸುವಿನ ಹೊಟ್ಟೆಗೆ ಹಣೆಯನ್ನು ಒತ್ತಿ, ಅದರ ಕಿವಿಗೆ ಮಾತ್ರ ಕೇಳಿಸುವಂತೆ ಏನೋ ಹೇಳಿದಳು.

ಸೊರ್ರ್ ಎಂದು ತಪ್ಪಲೆಯ ತಳ ಸದ್ದು ಮಾಡಿತು. ಮತ್ತೊಮ್ಮೆ ಸೊರ್ರ್.

"ಬುಟ್ಳು ಕಣ್ರವ್ವ! ಬುಟ್ಳು!" ಎಂದು ಹಾಲಿನಕ್ಕ ಹಿಂದಕ್ಕೆ ತಿರುಗದೆಯೇ ಕೂಗಿದಳು. ಆಕೆಯ ಬೆನ್ನು ನಗುವಿನಿಂದ ಕುಲುಕುತ್ತಿತ್ತು, ಬೆರಳುಗಳು ಮಾತ್ರ ಒಂದೇ ಲಯದಲ್ಲಿ ಕರೆಯುತ್ತಿದ್ದವು, ತಪ್ಪಲೆಯಲ್ಲಿ ನೊರೆ ಏರುತ್ತಿತ್ತು.